ಚರಿತ್ರೆಗೊಬ್ಬ ಮೇಷ್ಟ್ರು ಬೇಕು

ನ್ಯೂಯಾರ್ಕ್ ಮಹಾನಗರದ ನೆಲಮಾಳಿಗೆಯ ನಿಲ್ದಾಣದಿಂದ ಹೊರಟ ರೈಲು ಹಡ್ಸನ್ ನದಿಯ ಕೆಳಗಿನ ಸುರಂಗವನ್ನು ಹಾದು, ಜೊಂಡು ಬೆಳೆದ ಜೌಗುನೆಲವನ್ನು ದಾಟಿ, ನ್ಯೂವರ್ಕ್ ಪಟ್ಟಣವನ್ನು ಹಿಂದಿಟ್ಟು ನೈಋತ್ಯಕ್ಕೆ ಓಡುತ್ತದೆ. ಒಂದು ಗಂಟೆಯೊಳಗೆ ಎಡಿಸನ್ ಎಂಬ ಊರು ಬರುತ್ತದೆ. ಇದು ನ್ಯೂಜೆರ್ಸಿ ಸಂಸ್ಥಾನದ ಮಿಡಲ್‌ಸೆಕ್ಸ್ ಜಿಲ್ಲೆಗೆ ಸೇರಿದ್ದು. ಊರೆಂದರೆ ನಮ್ಮ ಕಣ್ಣಿಗೆ ಕಟ್ಟುವಂಥ ಪೇಟೆ, ಕೋಟೆ, ರಥಬೀದಿ ಯಾವುವೂ ಇಲ್ಲಿಲ್ಲ. ಮರಗಳ ನಡುವೆ ಹರಡಿಕೊಂಡ ಮನೆಗಳು, ಮನೆಗಳ ಮುಂದೆ ಹುಲ್ಲುಹಾಸು, ಹುಲ್ಲುಹಾಸಿನಾಚೆ ವಾಹನಗಳ ಹೊಳೆಯಂತೆ ಹರಿಯುವ ಹೆದ್ದಾರಿಗಳು. 2020ರ ಜನಗಣತಿಯಲ್ಲಿ ಇಲ್ಲಿ 1,07,000ಕ್ಕೂ ಮಿಕ್ಕಿ ಜನರಿದ್ದರು.

1954ರವರೆಗೆ ಈ ಊರಿನ ಹೆಸರು ರಾರಿಟನ್. ಇದರ ಒಂದು ಮೂಲೆಯಾದ ಮೆನ್ಲೊಪಾರ್ಕಿನಲ್ಲಿ ಥಾಮಸ್ ಆಲ್ವಾ ಎಡಿಸನ್ 1876ರಲ್ಲಿ ತನ್ನ ಪ್ರಯೋಗಶಾಲೆಯನ್ನು ತೆರೆದನು. ಮರುವರ್ಷ ಧ್ವನಿಮುದ್ರಣ ಯಂತ್ರವೂ 1879ರಲ್ಲಿ ಬಹುಕಾಲ ಉರಿಯುವ ವಿದ್ಯುದ್ದೀಪವೂ ಇಲ್ಲಿಂದ ಹೊರಬಂದವು. ಆ ಸ್ಥಳದಲ್ಲಿ ಈಗ 131 ಅಡಿ ಎತ್ತರದ ಸ್ಮಾರಕ ಗೋಪುರವಿದೆ. ಅದರ ನೆತ್ತಿಯ ಮೇಲೆ ದೊಡ್ಡದೊಂದು ಗಾಜಿನ ದೀಪ. ಪ್ರಯೋಗಶಾಲೆಯ ಅವಶೇಷಗಳನ್ನು ಹೆನ್ರಿ ಫೋರ್ಡ್ 1929ರ ಹೊತ್ತಿಗೆ ಮಿಶಿಗನ್ನಿಗೆ ಸಾಗಿಸಿ ಅಲ್ಲಿ ಮತ್ತೆ ಕಟ್ಟಿಸಿದನು. ಊರಿಗೆ ಉಳಿದದ್ದು ಹೆಸರು ಮತ್ತು ಗೋಪುರ.

ಓಕ್‌ಟ್ರೀ ರಸ್ತೆ

ಎಡಿಸನ್ನಿನಿಂದ ನೆರೆಯ ಐಸೆಲಿನ್ನಿಗೆ ಹೋಗುವ ಓಕ್‌ಟ್ರೀ ರಸ್ತೆಯಲ್ಲಿ ಶನಿವಾರ ಸಂಜೆ ನಡೆದವರಿಗೆ ತಾವು ಅಮೆರಿಕೆಯಲ್ಲಿದ್ದೇವೆಂಬುದು ಮರೆತುಹೋದರೆ ಆಶ್ಚರ್ಯವಿಲ್ಲ. ಸೀರೆಯ ಅಂಗಡಿ, ಚಿನ್ನದ ಅಂಗಡಿ, ಮಿಠಾಯಿ ಅಂಗಡಿ, ದೋಸೆಯ ಹೋಟೆಲು, ತೆಂಗಿನಕಾಯಿ ಕರಿಬೇವು ನುಗ್ಗೆಕಾಯಿ ಸಿಗುವ ಮಳಿಗೆಗಳು ಸಾಲಾಗಿ ನಿಂತಿವೆ. ಉಡುಪಿಯ ಪುತ್ತಿಗೆ ಮಠದವರ ಶ್ರೀಕೃಷ್ಣ ವೃಂದಾವನ ಇದೇ ಊರಿನಲ್ಲಿದೆ. 2010ರಲ್ಲಿ ‘ಅಕ್ಕ’ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇಲ್ಲಿಯೇ.

ಈ ರಸ್ತೆಯ ಬದಿಗೆ ಸಣ್ಣದೊಂದು ಕೊಳವಿದೆ. 1777ನೆಯ ಜೂನ್ 26ರಂದು, ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ, ವಾಷಿಂಗ್ಟನ್ನನನ್ನು ಬೆಟ್ಟದಿಂದ ಬಯಲಿಗೆ ಎಳೆದು ಹೊಡೆಯಬೇಕೆಂದು ಹೊರಟ ಬ್ರಿಟಿಷ್ ಸೇನೆಗೂ ಅಮೆರಿಕನ್ ಪಡೆಗೂ ನಡೆದ ಷಾರ್ಟ್‌ಹಿಲ್ಸ್ ಕಾಳಗದ ಒಂದು ಭಾಗ ಈ ಕೊಳದ ಆಸುಪಾಸಿನಲ್ಲಿ ನಡೆಯಿತು. ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ಕಾರಿನತ್ತ ಓಡುವವರಲ್ಲಿ ಅದರತ್ತ ತಿರುಗಿ ನೋಡುವವರು ವಿರಳ.

ಓಕ್‌ಟ್ರೀ ರಸ್ತೆಯ ಮಹಡಿಗಳ ಮೇಲೆ ಇನ್ನೊಂದು ವ್ಯಾಪಾರವೂ ಉಂಟು. ಅದು ಮನೆಪಾಠದ್ದು. ಗಣಿತಕ್ಕೆ, ಭೌತಶಾಸ್ತ್ರಕ್ಕೆ, ಇಂಗ್ಲಿಷ್ ಪ್ರಬಂಧಕ್ಕೆ, ಕಾಲೇಜಿನ ಪ್ರವೇಶ ಪರೀಕ್ಷೆಗೆ ಪಾಠ ಹೇಳುವ ಕೇಂದ್ರಗಳ ಫಲಕಗಳು ಅಲ್ಲಿ ಕಾಣುತ್ತವೆ. ಗಣಿತದ ಮೇಷ್ಟ್ರನ್ನು ಹುಡುಕುವುದು ಇಲ್ಲಿ ಕಷ್ಟವಲ್ಲ. ಬೇಕಾದರೆ ಮಗುವಿನ ತಂದೆಯೇ ಕುಳಿತು ಹೇಳಿಕೊಟ್ಟಾನು. ಆದರೆ ಅಮೆರಿಕೆಯ ಚರಿತ್ರೆಗೆ ಮೇಷ್ಟ್ರನ್ನು ಹುಡುಕಲು ಹೊರಟವರಿಗೆ ಆ ದಾರಿ ಅಷ್ಟು ಸುಗಮವಲ್ಲವೆಂದು ಬೇಗನೆ ತಿಳಿಯುತ್ತದೆ. ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದ ಒಂದು ಸಂಸಾರಕ್ಕೆ ಅದು ತಿಳಿದದ್ದು ಒಂದು ನವೆಂಬರ್ ತಿಂಗಳಿನಲ್ಲಿ.

ಏಳು ದಾಖಲೆಗಳ ಪ್ರಶ್ನೆ

ಆ ಮನೆಯ ಹುಡುಗಿ ಹನ್ನೊಂದನೆಯ ತರಗತಿಯವಳು. ಜಾಣೆ, ಇದುವರೆಗೆ ಯಾವ ವಿಷಯದಲ್ಲಿಯೂ ಹಿಂದೆ ಬಿದ್ದವಳಲ್ಲ. ಆ ವರ್ಷ ಅವಳು ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಎಂಬ ಮೇಲ್ದರ್ಜೆಯ ಅಮೆರಿಕನ್ ಚರಿತ್ರೆಯನ್ನು ತೆಗೆದುಕೊಂಡಿದ್ದಳು. ಪ್ರೌಢಶಾಲೆಯಲ್ಲಿಯೇ ಕಾಲೇಜಿನ ಮಟ್ಟದ ಪಾಠವನ್ನು ಕಲಿಸಿ, ಮೇ ತಿಂಗಳಿನಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ನಡೆಸುವ ಏರ್ಪಾಡು ಇದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1955–56ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಅಂಕಗಳು ಒಂದರಿಂದ ಐದರವರೆಗೆ. ಮೂರು ಬಂದರೆ ತೇರ್ಗಡೆಯೆಂದು ಸಾಮಾನ್ಯವಾಗಿ ಎಣಿಸುವುದುಂಟು. ನಾಲ್ಕು ಐದು ಬಂದವರಿಗೆ ಅನೇಕ ಕಾಲೇಜುಗಳು ಒಂದು ವಿಷಯದ ಓದನ್ನು ಮಾಫಿ ಮಾಡುತ್ತವೆ. ಹಾಗೆ ಮಾಡದ ಕಾಲೇಜುಗಳೂ ಇವೆ. ಕಾಲೇಜಿನ ಶುಲ್ಕ ಸಾವಿರಗಟ್ಟಲೆ ಡಾಲರುಗಳಾಗಿರುವ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಪರೀಕ್ಷೆಯ ಕಾಲ ಮೂರು ಗಂಟೆ ಹದಿನೈದು ನಿಮಿಷ. 1491ರಿಂದ, ಎಂದರೆ ಕೊಲಂಬಸನು ಕಾಲಿಡುವ ಹಿಂದಿನ ವರ್ಷದಿಂದ, ಇಂದಿನವರೆಗಿನ ಕಾಲವನ್ನು ಒಂಬತ್ತು ಘಟ್ಟಗಳಾಗಿ ವಿಂಗಡಿಸಿದ್ದಾರೆ. ಈಚಿನ ವರ್ಷಗಳ ಕ್ರಮದಂತೆ ಮೊದಲು 55 ಸಣ್ಣ ಪ್ರಶ್ನೆಗಳು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವಂಥವು. ಬಳಿಕ ಮೂರು ಕಿರು ಉತ್ತರಗಳು. ಕೊನೆಗೆ ಎರಡು ಪ್ರಬಂಧಗಳು. 2025ರ ಮೇ ತಿಂಗಳಿಂದ ಕಾಗದ ಹೋಗಿ ಎಲ್ಲವನ್ನೂ ಗಣಕಯಂತ್ರದಲ್ಲಿಯೇ ಬರೆಯುವಂತಾಗಿದೆ.

ಎರಡು ಪ್ರಬಂಧಗಳಲ್ಲಿ ಮೊದಲನೆಯದೇ ಮಕ್ಕಳ ನಿದ್ದೆಗೆಡಿಸುವುದು. ಅದರಲ್ಲಿ ಏಳು ದಾಖಲೆಗಳನ್ನು ಮುಂದಿಡುತ್ತಾರೆ. ಒಂದು ಕಾಗದ, ಒಂದು ಭಾಷಣದ ತುಣುಕು, ಒಂದು ವ್ಯಂಗ್ಯಚಿತ್ರ, ಒಂದು ಕಾನೂನಿನ ಕಲಮು, ಹೀಗೆ. ಅವನ್ನು ಓದಿ, ತೂಗಿ, ತನ್ನದೇ ಒಂದು ವಾದವನ್ನು ಕಟ್ಟಿ, ಅದಕ್ಕೆ ಆ ದಾಖಲೆಗಳನ್ನೇ ಸಾಕ್ಷಿಗಳನ್ನಾಗಿ ನಿಲ್ಲಿಸಬೇಕು. ದಾಖಲೆಯನ್ನು ಬರೆದವನು ಯಾರು, ಯಾರಿಗಾಗಿ ಬರೆದನು, ಯಾವ ಉದ್ದೇಶದಿಂದ ಬರೆದನು ಎಂಬುದನ್ನೂ ಕೆಲವು ದಾಖಲೆಗಳ ವಿಷಯದಲ್ಲಾದರೂ ವಿವೇಚಿಸಬೇಕು. 1973ರಲ್ಲಿ ಬಳಕೆಗೆ ಬಂದ ಈ ಪ್ರಶ್ನೆಗೆ ಒಟ್ಟು ಏಳು ಅಂಕ.

ಹುಡುಗಿಗೆ ಶಾಲೆಯ ಅಭ್ಯಾಸ ಪರೀಕ್ಷೆಯಲ್ಲಿ ಏಳಕ್ಕೆ ಎರಡು ಬಂದಿತ್ತು. ಉತ್ತರದಲ್ಲಿ ತಪ್ಪು ಇಸವಿ ಒಂದೂ ಇರಲಿಲ್ಲ. ಶಾಲೆಯ ಉಪಾಧ್ಯಾಯರು ಅಂಚಿನಲ್ಲಿ ಬರೆದಿದ್ದ ಷರಾ ಇಷ್ಟೆ: ‘ಸಂಗತಿಗಳು ಬೇಕಾದಷ್ಟಿವೆ, ವಾದವೆಲ್ಲಿದೆ?’

ಅವಳು ಕಾಗದವನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು, “ಅಮ್ಮಾ, ನಾನು ಈ ತರಗತಿ ಬಿಟ್ಟು ಸಾಧಾರಣ ತರಗತಿಗೆ ಹೋಗಿಬಿಡುತ್ತೇನೆ. ಇದು ನಮ್ಮಂಥವರಿಗಲ್ಲ. ಅವರ ಮನೆಯಲ್ಲೆಲ್ಲ ಹುಟ್ಟಿದಾಗಿನಿಂದ ಇದನ್ನೇ ಮಾತಾಡುತ್ತಾರೆ” ಎಂದಳು.

ತಾಯಿಗೆ ಚುರುಕ್ಕೆಂದಿತು. ಆಕೆ ಮೈಸೂರಿನಲ್ಲಿ ಚರಿತ್ರೆಯನ್ನೇ ಮುಖ್ಯ ವಿಷಯವಾಗಿ ಓದಿ ಪದವಿ ಪಡೆದವರು. ಪಾಣಿಪತ್ ಯುದ್ಧದ ಐದು ಕಾರಣಗಳನ್ನೂ ಐದು ಪರಿಣಾಮಗಳನ್ನೂ ಈಗಲೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಮಗಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಿದವರೂ ಅವರೇ. ತಂದೆ ನ್ಯೂಯಾರ್ಕಿನ ಒಂದು ಕಂಪೆನಿಯಲ್ಲಿ ಗಣಕಯಂತ್ರದ ಎಂಜಿನಿಯರು. “ಎಂಜಿನಿಯರಿಂಗ್ ಓದುವವಳಿಗೆ ಇದೊಂದು ಹೋದರೆ ಏನಾಯಿತು?” ಎಂಬುದು ಅವರ ಮೊದಲ ಮಾತು. “ಹೋದರೆ ಹೋಗಲಿ ಅನ್ನಬೇಡಿ. ‘ನಮ್ಮಂಥವರಿಗಲ್ಲ’ ಅಂದಳಲ್ಲ, ಅದನ್ನು ಕೇಳಿಸಿಕೊಂಡಿರಾ?” ಎಂದರು ತಾಯಿ. ಆ ವಾರವೇ ಮೇಷ್ಟ್ರ ಶೋಧ ಪ್ರಾರಂಭವಾಯಿತು.

ಮೂವರು ಗುರುಗಳು

ಮೊದಲು ಹೋದದ್ದು ಓಕ್‌ಟ್ರೀ ರಸ್ತೆಯ ಒಂದು ಕೇಂದ್ರಕ್ಕೆ. ಅಲ್ಲಿ ಇಪ್ಪತ್ತು ಮಕ್ಕಳು, ದಪ್ಪನಾದ ಟಿಪ್ಪಣಿ ಪುಸ್ತಕ, ವಾರಕ್ಕೊಂದು ಅಧ್ಯಾಯ. ಎಲ್ಲವೂ ಅಚ್ಚುಕಟ್ಟು. ಪ್ರಬಂಧಗಳನ್ನು ಯಾರು ತಿದ್ದುತ್ತಾರೆಂದು ತಾಯಿ ಕೇಳಿದಾಗ ಮಾತ್ರ ಉತ್ತರ ತೊದಲಿತು. ಎರಡನೆಯವನು ವಿಶ್ವವಿದ್ಯಾನಿಲಯವೊಂದರ ಸಂಶೋಧನಾ ವಿದ್ಯಾರ್ಥಿ; ಪರದೆಯ ಮೇಲೆ ಪಾಠ. ಪುನರ್ನಿರ್ಮಾಣದ ಕಾಲವನ್ನು ಕುರಿತು ಒಂದು ಗಂಟೆ ಸೊಗಸಾಗಿ ಮಾತನಾಡಿದನು. ಹುಡುಗಿ ಬೆರಗಾಗಿ ಕೇಳಿದಳು. ಆದರೆ ಆ ಒಂದು ಗಂಟೆಯಲ್ಲಿ ಅವಳು ಒಂದು ವಾಕ್ಯವನ್ನೂ ಬರೆಯಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೂರನೆಯವರ ಸುಳಿವು ದೊರೆತದ್ದು ಸಾರ್ವಜನಿಕ ಪುಸ್ತಕಾಲಯದ ಸೂಚನಾ ಫಲಕದಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು, ಪುಸ್ತಕಾಲಯದ ಓದುವ ಕೋಣೆಯಲ್ಲಿಯೇ ಪಾಠ ಹೇಳುವುದಾಗಿ ಬರೆದಿದ್ದರು. ಭೇಟಿಯಾದ ಕೂಡಲೆ ಅವರು ಕೇಳಿದ್ದು ಎರಡಂಕದ ಆ ಕಾಗದವನ್ನು. ಅದನ್ನು ನಿಧಾನವಾಗಿ ಓದಿದರು. “ಶಾಲೆಯ ಉಪಾಧ್ಯಾಯರ ಹತ್ತಿರ ಇದನ್ನು ತೆಗೆದುಕೊಂಡು ಹೋಗಿ ಮಾತಾಡಿದೆಯಾ?” ಎಂದು ಹುಡುಗಿಯನ್ನು ಕೇಳಿದರು. ಇಲ್ಲವೆಂದಳು. “ಮೊದಲು ಅಲ್ಲಿಗೆ ಹೋಗು. ಅವರು ಕಾಸು ಕೇಳುವುದಿಲ್ಲ.” ಬಳಿಕ ತಂದೆತಾಯಿಯರ ಕಡೆ ತಿರುಗಿ, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮಾದರಿ ಉತ್ತರಗಳನ್ನೂ ಅವುಗಳಿಗೆ ಅಂಕ ಕೊಟ್ಟ ಬಗೆಯನ್ನೂ ಕಾಲೇಜ್ ಬೋರ್ಡೇ ಉಚಿತವಾಗಿ ಪ್ರಕಟಿಸುತ್ತದೆಂದೂ, ಅವುಗಳನ್ನು ದುಡ್ಡು ಕೊಟ್ಟು ಎಲ್ಲಿಯೂ ಕೊಳ್ಳಬೇಡಿರೆಂದೂ ಹೇಳಿದರು.

ತಾಯಿ ಸಂಕೋಚದಿಂದಲೇ ಪಾಣಿಪತ್ತಿನ ಐದು ಕಾರಣಗಳ ವಿಷಯ ಹೇಳಿದರು. ಆಕೆ ನಗಲಿಲ್ಲ. “ಅದು ಒಳ್ಳೆಯ ಅಡಿಪಾಯ. ಆದರೆ ಐದರಲ್ಲಿ ಯಾವುದು ದೊಡ್ಡದು? ಯಾಕೆ? ಅದನ್ನು ಒಪ್ಪದವರು ಏನು ಹೇಳುತ್ತಾರೆ? ಈ ಪರೀಕ್ಷೆ ಕೇಳುವುದು ಅಷ್ಟೆ” ಎಂದರು. ತಾಯಿಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲವಂತೆ. ಐದರಲ್ಲಿ ಯಾವುದು ದೊಡ್ಡದೆಂದು ಮೈಸೂರಿನಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.

ಉಪಾಧ್ಯಾಯಿನಿಯ ಕಟ್ಟಳೆಗಳು ಮೂರು. ಪ್ರತಿ ಪಾಠದಲ್ಲಿ ಅರ್ಧ ಹೊತ್ತು ಹುಡುಗಿಯೇ ಬರೆಯಬೇಕು. ತಿದ್ದಿದ ಪ್ರಬಂಧವನ್ನು ಅವಳೇ ಮತ್ತೆ ಬರೆಯಬೇಕು. ತಿಂಗಳಿಗೊಂದು ರಜಾದಿನ ತಾವು ಸೂಚಿಸಿದ ಒಂದು ಸ್ಥಳವನ್ನು ನೋಡಿಬರಬೇಕು. ಅಲ್ಲಿನ ಕಲ್ಲು, ಫಲಕ, ಕಟ್ಟಡವನ್ನು ಎಂಟನೆಯ ದಾಖಲೆಯೆಂದು ತಿಳಿದು ಅದನ್ನು ಪ್ರಶ್ನಿಸಬೇಕು. ವಾರಕ್ಕೊಂದು ಗಂಟೆಯಂತೆ ಪಾಠ ಗೊತ್ತಾಯಿತು.

ಪರ್ತ್ ಆಂಬಾಯ್

ಮೊದಲ ಸ್ಥಳ ಎಡಿಸನ್ನಿಗೆ ನೆರೆಯ ಪರ್ತ್ ಆಂಬಾಯ್. ರಾರಿಟನ್ ನದಿ ಕೊಲ್ಲಿಯನ್ನು ಸೇರುವ ಕಡೆ ಇರುವ ಹಳೆಯ ಬಂದರು ಇದು. ಗಾಳಿಗೆ ಉಪ್ಪಿನ ವಾಸನೆ. ಬೀದಿಗಳಲ್ಲಿ ಈಗ ಸ್ಪ್ಯಾನಿಷ್ ಮಾತು. ಬ್ರಿಟಿಷರ ಕಾಲದ ಕೊನೆಯ ಗವರ್ನರನಾಗಿದ್ದ ವಿಲಿಯಂ ಫ್ರಾಂಕ್ಲಿನ್ ವಾಸವಾಗಿದ್ದ ಭವನ ಇಲ್ಲಿ ಇನ್ನೂ ನಿಂತಿದೆ. ತಂದೆ ಬೆಂಜಮಿನ್ ಫ್ರಾಂಕ್ಲಿನ್ ಸ್ವಾತಂತ್ರ್ಯ ಪಕ್ಷದ ಹಿರಿಯ. ಮಗ ರಾಜನಿಗೆ ನಿಷ್ಠ. 1776ರಲ್ಲಿ ಮಗನನ್ನು ಸೆರೆಹಿಡಿದವರು ತಂದೆಯ ಕಡೆಯವರೇ. ಒಂದು ದೇಶದ ಒಡಕು ಒಂದು ಮನೆಯ ಊಟದ ಮೇಜಿನಲ್ಲಿಯೂ ಕಾಣುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. 1789ರ ನವೆಂಬರ್ 20ರಂದು ಪ್ರಜೆಗಳ ಮೂಲ ಹಕ್ಕುಗಳ ತಿದ್ದುಪಡಿಗಳಿಗೆ ನ್ಯೂಜೆರ್ಸಿ ಎಲ್ಲ ಸಂಸ್ಥಾನಗಳಿಗಿಂತ ಮೊದಲು ಸಮ್ಮತಿಯಿತ್ತದ್ದೂ ಈ ಊರಿನಲ್ಲಿಯೇ. ಗುಲಾಮರನ್ನು ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದುದೂ ಇದೇ ಬಂದರಿನಲ್ಲಿ.

ಸೇಂಟ್ ಪೀಟರ್ ಚರ್ಚಿನ ಅಂಗಳದಲ್ಲಿ ಥಾಮಸ್ ಮಂಡಿ ಪೀಟರ್ಸನ್ ಎಂಬಾತನ ಸಮಾಧಿಯಿದೆ. ಆತ ಶಾಲೆಯೊಂದರ ಜವಾನನಾಗಿದ್ದ ಕರಿಯ. ಜನಾಂಗ, ಬಣ್ಣಗಳ ಕಾರಣದಿಂದ ಮತದ ಹಕ್ಕನ್ನು ನಿರಾಕರಿಸಲಾಗದೆಂಬ ಹದಿನೈದನೆಯ ತಿದ್ದುಪಡಿ ಜಾರಿಗೆ ಬಂದದ್ದು 1870ರ ಮಾರ್ಚ್ 30ರಂದು. ಮಾರನೆಯ ದಿನವೇ ಪರ್ತ್ ಆಂಬಾಯಿಯಲ್ಲಿ ಪುರಸಭೆಯ ಸನ್ನದನ್ನು ಕುರಿತ ಮತದಾನ. ಆತ ಹೋಗಿ ಮತವಿತ್ತನು. ಆ ತಿದ್ದುಪಡಿಯ ಆಧಾರದಲ್ಲಿ ಮತ ಹಾಕಿದ ಮೊದಲ ಕರಿಯನೆಂದು ಚರಿತ್ರೆ ಅವನನ್ನು ನೆನೆಯುತ್ತದೆ. 1884ರಲ್ಲಿ ಊರವರು ಲಿಂಕನ್ನನ ಮುಖಮುದ್ರೆಯಿದ್ದ ಪದಕವೊಂದನ್ನು ಅವನಿಗೆ ತೊಡಿಸಿದರು.

ಹುಡುಗಿ ಮನೆಗೆ ಬಂದು ಬರೆದ ಪ್ರಬಂಧದ ತಾತ್ಪರ್ಯ: ಮತದ ಹಕ್ಕು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರುತ್ತ ಬಂದಿದೆ, ಮೊದಲು ಆಸ್ತಿವಂತರು, ಆಮೇಲೆ ಎಲ್ಲ ಬಿಳಿಯ ಗಂಡಸರು, ಆಮೇಲೆ ಕರಿಯರು, ಕೊನೆಗೆ ಸ್ತ್ರೀಯರು.

ಉಪಾಧ್ಯಾಯಿನಿ ಅದನ್ನೋದಿ ಏನನ್ನೂ ಹೇಳದೆ, ನ್ಯೂಜೆರ್ಸಿಯ 1776ರ ಸಂವಿಧಾನದ ಒಂದು ಪುಟವನ್ನು ಮುಂದಿಟ್ಟರು. ಅದರಲ್ಲಿ ಮತದಾರನೆಂದರೆ ಐವತ್ತು ಪೌಂಡುಗಳ ಆಸ್ತಿಯುಳ್ಳ ನಿವಾಸಿ ಎಂದಷ್ಟೇ ಇತ್ತು. ಗಂಡಸೆಂದಾಗಲಿ ಬಿಳಿಯನೆಂದಾಗಲಿ ಇರಲಿಲ್ಲ. ಆಸ್ತಿಯುಳ್ಳ ವಿಧವೆಯರೂ ಅವಿವಾಹಿತೆಯರೂ ಸ್ವತಂತ್ರ ಕರಿಯರೂ ಆ ಕಾಲದಲ್ಲಿ ಇಲ್ಲಿ ಮತ ಹಾಕಿದರು. 1790ರ ಚುನಾವಣಾ ಕಾನೂನಿನಲ್ಲಂತೂ ‘ಅವನು ಅಥವಾ ಅವಳು’ ಎಂದೇ ಬರೆದಿತ್ತು. 1807ರಲ್ಲಿ ಶಾಸನಸಭೆ ಒಂದೇ ಕಾನೂನಿನಿಂದ ಅವರೆಲ್ಲರನ್ನೂ ಹೊರಗಟ್ಟಿತು. ಮತ ಬಿಳಿಯ ಗಂಡಸರಿಗೆ ಮಾತ್ರ ಉಳಿಯಿತು.

ಇನ್ನೊಂದು ಪುಟ ಬಂತು. 1804ರ ನ್ಯೂಜೆರ್ಸಿಯ ದಾಸ್ಯ ವಿಮೋಚನೆಯ ಕಾನೂನು. ಆ ವರ್ಷದ ಜುಲೈ 4ರ ಅನಂತರ ಗುಲಾಮ ತಾಯಿಯರಿಗೆ ಹುಟ್ಟಿದ ಮಕ್ಕಳು ಸ್ವತಂತ್ರರು. ಆದರೆ ಗಂಡು 25 ವರ್ಷ, ಹೆಣ್ಣು 21 ವರ್ಷ ತಾಯಿಯ ಒಡೆಯನಿಗೆ ದುಡಿದ ಮೇಲೆ! ಗುಲಾಮಗಿರಿಯನ್ನು ದೇಶದಿಂದಲೇ ತೊಲಗಿಸಿದ ಹದಿಮೂರನೆಯ ತಿದ್ದುಪಡಿಗೆ ಇದೇ ಸಂಸ್ಥಾನ ಮೊದಲು ಒಪ್ಪಿಗೆ ಕೊಡದೆ, ಅದು ಜಾರಿಗೆ ಬಂದ ಮೇಲೆ 1866ರ ಜನವರಿಯಲ್ಲಿ ಒಪ್ಪಿತು.

ಮೆಟ್ಟಿಲುಗಳು ಕುಸಿದವು. “ಹಾಗಾದರೆ ಕೊಟ್ಟದ್ದನ್ನು ಕಿತ್ತುಕೊಂಡದ್ದೂ ಉಂಟು” ಎಂದಳು ಹುಡುಗಿ. “ಅದೇ ನಿನ್ನ ಮೊದಲ ವಾಕ್ಯ. ಈಗ ಬರೆ” ಎಂದರು ಆಕೆ.

ಹಿಮದ ಹೊಳೆ

ಜನವರಿಯ ಸ್ಥಳ ಟ್ರೆಂಟನ್, ಸಂಸ್ಥಾನದ ರಾಜಧಾನಿ. ಎಡಿಸನ್ನಿನಿಂದ ರೈಲಿನಲ್ಲಿ ನ್ಯೂಬ್ರನ್ಸ್‌ವಿಕ್ ಪಟ್ಟಣವನ್ನೂ ಪ್ರಿನ್ಸ್‌ಟನ್ ನಿಲ್ದಾಣವನ್ನೂ ದಾಟಿ ಹೋಗಬೇಕು. ನ್ಯೂಬ್ರನ್ಸ್‌ವಿಕ್ಕಿನ ರಟ್ಗರ್ಸ್ ವಿಶ್ವವಿದ್ಯಾನಿಲಯ 1766ರಲ್ಲಿ, ದೇಶ ಹುಟ್ಟುವ ಮೊದಲೇ, ಕ್ವೀನ್ಸ್ ಕಾಲೇಜ್ ಎಂಬ ಹೆಸರಿನಿಂದ ಹುಟ್ಟಿತು. ಪ್ರಿನ್ಸ್‌ಟನ್ನಿನ ನಾಸೌ ಹಾಲ್ 1756ರ ಕಲ್ಲುಕಟ್ಟಡ. 1783ರಲ್ಲಿ ಕೆಲವು ತಿಂಗಳು ರಾಷ್ಟ್ರದ ಕಾಂಗ್ರೆಸ್ಸೇ ಅದರಲ್ಲಿ ಸಭೆ ಸೇರುತ್ತಿತ್ತು. 1776ರ ಚಳಿಗಾಲದಲ್ಲಿ ನ್ಯೂಯಾರ್ಕನ್ನು ಕಳೆದುಕೊಂಡ ವಾಷಿಂಗ್ಟನ್ನನ ಸೇನೆ, ಬೆನ್ನಟ್ಟಿದ ಶತ್ರುವಿಗೆ ಸಿಗದೆ, ಹಿಂದೆ ಸರಿಯುತ್ತ ಹೋದದ್ದು ಹೆಚ್ಚುಕಡಮೆ ಇದೇ ದಾರಿಯಲ್ಲಿ.

ಟ್ರೆಂಟನ್ನಿನ ಮೇಲ್ಗಡೆ ಡೆಲಾವೇರ್ ನದಿಯ ದಡದಲ್ಲಿ ನಿಂತರೆ ಜನವರಿಯ ಗಾಳಿ ಮೂಳೆಯನ್ನು ಕೊರೆಯುತ್ತದೆ. ಡಿಸೆಂಬರ್ 25ರ ರಾತ್ರಿ ಸುಮಾರು 2,400 ಮಂದಿ ಯೋಧರು ಮಂಜುಗಡ್ಡೆ ತೇಲುವ ಈ ಹೊಳೆಯನ್ನು ದೋಣಿಗಳಲ್ಲಿ ದಾಟಿದರು. ಅವರಲ್ಲಿ ಬಹುಮಂದಿಯ ಸೇವೆಯ ಅವಧಿ ವರ್ಷಾಂತ್ಯಕ್ಕೆ ಮುಗಿಯುತ್ತಿತ್ತು. ಈ ಸಾಹಸ ವಿಫಲವಾಗಿದ್ದರೆ ಸೇನೆಯೇ ಕರಗಿಹೋಗುವ ಸಂಭವವಿತ್ತು. ಬೆಳಗಾಗುವಾಗ ಟ್ರೆಂಟನ್ನಿನಲ್ಲಿ ಬಿಡಾರ ಮಾಡಿದ್ದ ಬಾಡಿಗೆಯ ಜರ್ಮನ್ ಸೈನಿಕರ ಮೇಲೆ ಬಿದ್ದು ಸುಮಾರು 900 ಮಂದಿಯನ್ನು ಸೆರೆಹಿಡಿದರು. 1777ರ ಜನವರಿ 3ರಂದು ಪ್ರಿನ್ಸ್‌ಟನ್ನಿನಲ್ಲಿಯೂ ಜಯ ದೊರೆಯಿತು.

ಈ ನದೀತರಣದ ಪ್ರಖ್ಯಾತ ವರ್ಣಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹುಡುಗಿಗೆ ಕೊಟ್ಟ ಕೆಲಸ ಆ ಚಿತ್ರವನ್ನು ಹೊಳೆಯೊಡನೆ ಹೋಲಿಸುವುದು. ದೋಣಿಯಲ್ಲಿ ಹಾರುತ್ತಿರುವ ನಕ್ಷತ್ರಪಟ್ಟಿಗಳ ಧ್ವಜ 1777ರ ಜೂನ್‌ವರೆಗೆ ಅಂಗೀಕೃತವಾಗಿಯೇ ಇರಲಿಲ್ಲ. ಚಿತ್ರಕಾರ ಇಮಾನ್ಯುಯೆಲ್ ಲಾಯಿಟ್ಸೆ ಇದನ್ನು ಮುಗಿಸಿದ್ದು 1851ರಲ್ಲಿ, ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲಿ, 1848ರ ಕ್ರಾಂತಿಗಳು ಸೋತ ಹೊಸದರಲ್ಲಿ. ಹಾಗಾದರೆ ಈ ಚಿತ್ರ 1776ರ ಸಾಕ್ಷಿಯೋ 1851ರ ಸಾಕ್ಷಿಯೋ? ದಾಖಲೆಯ ಕಾಲ, ಉದ್ದೇಶ, ಪ್ರೇಕ್ಷಕ ಎಂದರೇನೆಂಬುದನ್ನು ಹತ್ತು ಗಂಟೆಯ ಉಪನ್ಯಾಸ ತಿಳಿಸಲಾರದಷ್ಟು ಸ್ಪಷ್ಟವಾಗಿ ಒಂದು ತಪ್ಪು ಧ್ವಜ ತಿಳಿಸಿತು. ಫೆಬ್ರವರಿಯ ಅಭ್ಯಾಸ ಪರೀಕ್ಷೆಯಲ್ಲಿ ಹುಡುಗಿಗೆ ಏಳಕ್ಕೆ ನಾಲ್ಕು ಬಂದಿತು. ತರಗತಿ ಬಿಡುವ ಮಾತು ಮತ್ತೆ ಬರಲಿಲ್ಲ.

ಜಲಪಾತದ ಊರು

ಏಪ್ರಿಲಿನಲ್ಲಿ, ಹಿಮ ಕರಗಿ ಹೊಳೆಗಳು ತುಂಬಿರುವಾಗ, ಪ್ಯಾಟರ್ಸನ್ ನೋಡಬೇಕು. ಪಸೇಯಿಕ್ ನದಿ ಇಲ್ಲಿ 77 ಅಡಿ ಆಳಕ್ಕೆ ಕಪ್ಪು ಬಂಡೆಗಳ ಸೀಳಿನೊಳಕ್ಕೆ ಧುಮುಕುತ್ತದೆ. ಗೇರುಸೊಪ್ಪೆಯನ್ನು ಕಂಡವರಿಗೆ ಎತ್ತರ ಹೆಚ್ಚೆನಿಸದು. ಆದರೆ ಒಂದು ನಗರದ ನಟ್ಟನಡುವೆ ನೀರು ಹೀಗೆ ಗರ್ಜಿಸುವುದು ಅಪೂರ್ವ ದೃಶ್ಯವೇ ಸರಿ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈ ನೀರಿನ ಬಲದಿಂದ ಕೈಗಾರಿಕೆಯ ನಗರವೊಂದನ್ನು ಕಟ್ಟುವ ಕನಸು ಕಂಡನು; 1791ರಲ್ಲಿ ಅದಕ್ಕಾಗಿ ಒಂದು ಸಂಘ ಸ್ಥಾಪಿತವಾಯಿತು. ಹತ್ತಿಬಟ್ಟೆ, ಕೋಲ್ಟ್ ರಿವಾಲ್ವರು, ರೈಲಿನ ಎಂಜಿನು, ಕೊನೆಗೆ ರೇಷ್ಮೆ ಇಲ್ಲಿ ತಯಾರಾದವು. ರೇಷ್ಮೆಯೆಂದರೆ ಮೈಸೂರಿನವರಿಗೆ ಕಿವಿ ನಿಮಿರುತ್ತದೆ. ತಾಯಿ ಹಳೆಯ ಗಿರಣಿಗಳ ಮುಂದೆ ಬಹಳ ಹೊತ್ತು ನಿಂತರು.

1913ರಲ್ಲಿ ಇಲ್ಲಿನ ರೇಷ್ಮೆ ಕೆಲಸಗಾರರು ಸುಮಾರು ಐದು ತಿಂಗಳು ಮುಷ್ಕರ ಹೂಡಿದರು. ಒಬ್ಬನೇ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳಬೇಕೆಂಬ ನಿಯಮ ಅವರನ್ನು ಕೆರಳಿಸಿತ್ತು. ಪ್ಯಾಟರ್ಸನ್ನಿನಲ್ಲಿ ಸಭೆ ಸೇರಲು ಎಡೆಯಿಲ್ಲದಾಗ ಪಕ್ಕದ ಹೇಲ್ಡನ್ ಗ್ರಾಮದಲ್ಲಿ ಇಟಲಿಯಿಂದ ಬಂದ ನೇಕಾರ ಬೋಟ್ಟೋ ಎಂಬವರ ಮನೆಯ ಮಹಡಿಯಿಂದ ನಾಯಕರು ಸಾವಿರಾರು ಜನರನ್ನು ಉದ್ದೇಶಿಸಿ ಮಾತಾಡಿದರು. ಮುಷ್ಕರ ಸೋತಿತು. ಆ ಮನೆ ಈಗ ಕಾರ್ಮಿಕರ ವಸ್ತುಸಂಗ್ರಹಾಲಯವಾಗಿದೆ. ಹ್ಯಾಮಿಲ್ಟನ್ನನ ಕನಸು ಫಲಿಸಿತೆನ್ನಬೇಕೋ ಇಲ್ಲವೆನ್ನಬೇಕೋ? ಜಲಪಾತದ ಮುಂದೆ ನಿಂತವನ ಉತ್ತರ ಒಂದು, ಆ ಮಹಡಿಯ ಕೆಳಗೆ ನಿಂತವನ ಉತ್ತರ ಇನ್ನೊಂದು. ಎರಡನ್ನೂ ಕೇಳಿ ತೀರ್ಮಾನಿಸುವುದೇ ಪರೀಕ್ಷೆಯ ಎರಡನೆಯ ಪ್ರಬಂಧ. ಅದಕ್ಕೆ ಕೊಡುವ ಕಾಲ ನಲವತ್ತು ನಿಮಿಷ.

ದ್ವೀಪದ ವ್ಯಾಜ್ಯ

ಮೇ ತಿಂಗಳ ಪರೀಕ್ಷೆ ಮುಗಿದು, ಜುಲೈಯಲ್ಲಿ ಫಲಿತಾಂಶ ಬಂದಿತು. ನಾಲ್ಕು ಅಂಕ. ಐದು ಬರಲಿಲ್ಲವೆಂದು ಹುಡುಗಿ ಅರ್ಧ ದಿನ ಮುಖ ಊದಿಸಿಕೊಂಡಳು. ತಂದೆ ಯಾವ ಯಾವ ಕಾಲೇಜು ನಾಲ್ಕಕ್ಕೆ ಮಾನ್ಯತೆ ಕೊಡುತ್ತದೆಂದು ಪಟ್ಟಿ ಮಾಡಿದರು. ಇದು ಕಾಲೇಜಿನಿಂದ ಕಾಲೇಜಿಗೆ ಬೇರೆ, ಒಂದೊಂದನ್ನೂ ವಿಚಾರಿಸದೆ ಗತಿಯಿಲ್ಲ. ಉಪಾಧ್ಯಾಯಿನಿ ಸೂಚಿಸಿದ್ದ ಒಂದು ಸ್ಥಳ ಮಾತ್ರ ಉಳಿದಿತ್ತು. ಈ ಸಲ ತಂದೆಯೂ ಜೊತೆಗೆ ಹೊರಟರು.

ಜೆರ್ಸಿ ನಗರದ ಲಿಬರ್ಟಿ ಉದ್ಯಾನದಲ್ಲಿ 1889ರ ಹಳೆಯ ರೈಲು ನಿಲ್ದಾಣವಿದೆ. ವಲಸೆ ಬಂದವರು ಗಂಟುಮೂಟೆಗಳೊಡನೆ ಇಲ್ಲಿಂದ ರೈಲು ಹತ್ತಿ ದೇಶದೊಳಕ್ಕೆ ಚದುರಿದರು. ಅದರ ಪಕ್ಕದಿಂದ ಎಲ್ಲಿಸ್ ದ್ವೀಪಕ್ಕೆ ಹಡಗು ಹೋಗುತ್ತದೆ. 1892ರಿಂದ 1954ರವರೆಗೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ ಹಾದುಹೋದ ದ್ವೀಪ ಅದು.

ಈ ದ್ವೀಪ ಯಾರದೆಂಬ ವ್ಯಾಜ್ಯ ನ್ಯೂಯಾರ್ಕಿಗೂ ನ್ಯೂಜೆರ್ಸಿಗೂ ಬಹುಕಾಲ ನಡೆಯಿತು. 1834ರ ಒಪ್ಪಂದದಂತೆ ದ್ವೀಪ ನ್ಯೂಯಾರ್ಕಿನದು, ಸುತ್ತಲಿನ ನೀರಿನ ಕೆಳಗಣ ನೆಲ ನ್ಯೂಜೆರ್ಸಿಯದು. ಅಂದಿನ ದ್ವೀಪ ಸುಮಾರು ಮೂರು ಎಕರೆ. ಆಮೇಲೆ ಮಣ್ಣು ತುಂಬಿ ತುಂಬಿ ಅದನ್ನು 27 ಎಕರೆಗೂ ಮೇಲೆ ಬೆಳೆಸಿದರು. ತುಂಬಿದ ನೆಲ ಯಾರದು? 1998ರಲ್ಲಿ ಸುಪ್ರೀಂ ಕೋರ್ಟು, ಮೂಲದ ಮೂರು ಎಕರೆ ನ್ಯೂಯಾರ್ಕಿಗೆ, ಉಳಿದದ್ದೆಲ್ಲ ನ್ಯೂಜೆರ್ಸಿಗೆ ಎಂದು ತೀರ್ಪಿತ್ತಿತು. ಒಂದು ಹಳೆಯ ಕಾಗದವನ್ನು ಎರಡು ಸಂಸ್ಥಾನಗಳು ಎರಡು ಬಗೆಯಾಗಿ ಓದಿದ್ದವು. ಹುಡುಗಿ ಇದನ್ನೆಲ್ಲ ಹಡಗಿನ ಅಂಚಿಗೆ ಒರಗಿಕೊಂಡು ತಂದೆಗೆ ವಿವರಿಸಿದಳು.

ದೊಡ್ಡ ಹಜಾರದೊಳಗೆ ನಡೆದಾಡುತ್ತ ತಂದೆ, “ಎಲ್ಲರ ಅಜ್ಜಂದಿರೂ ಇಲ್ಲಿಂದ ಬಂದವರು. ನಮ್ಮವರು ವಿಮಾನದಲ್ಲಿ ಬಂದು ಇಳಿದವರು. ನಮ್ಮ ಕತೆ ಇಲ್ಲೇನಿದೆ ಪುಟ್ಟಿ?” ಎಂದರು.

“ಇಲ್ಲದ್ದೇ ಕತೆ ಅಪ್ಪಾ” ಎಂದಳು ಹುಡುಗಿ. 1790ರ ಕಾನೂನು ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಪೌರತ್ವವೆಂದಿತು. 1917ರಲ್ಲಿ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದ ಕೂಲಿಜನಕ್ಕೆ ಬಾಗಿಲು ಮುಚ್ಚಿತು. ಅಮೆರಿಕೆಯ ಸೇನೆಯಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ 1923ರಲ್ಲಿ ಸುಪ್ರೀಂ ಕೋರ್ಟು ಭಾರತೀಯನು ಆ ಮಾತಿನ ಅರ್ಥದಲ್ಲಿ ಬಿಳಿಯನಲ್ಲವೆಂದು ಹೇಳಿತು. ಆಗಲೇ ಪೌರರಾಗಿದ್ದ ಕೆಲವರು ಅದನ್ನು ಕಳೆದುಕೊಂಡರು. 1946ರಲ್ಲಿ ವರ್ಷಕ್ಕೆ ನೂರು ಮಂದಿ ಭಾರತೀಯರು ಬರಬಹುದೆಂದಾಯಿತು. 1965ರ ಅಕ್ಟೋಬರ್ 3ರಂದು, ಈ ದ್ವೀಪದ ಪಕ್ಕದಲ್ಲಿಯೇ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪಾದದಡಿಯಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ದೇಶದೇಶಗಳ ನಡುವಣ ಆ ಭೇದ ಹೋಯಿತು. ಓಕ್‌ಟ್ರೀ ರಸ್ತೆ ಹುಟ್ಟಿದ್ದು ಆ ಸಹಿಯಿಂದ.

ತಂದೆ ಇಪ್ಪತ್ತು ವರ್ಷದಿಂದ ಆ ದೇಶದಲ್ಲಿದ್ದವರು. ಪೌರತ್ವದ ಪ್ರಮಾಣವಚನವನ್ನೂ ಸ್ವೀಕರಿಸಿದವರು. ಥಿಂಡರ ಹೆಸರನ್ನು ಅವರು ಕೇಳಿದ್ದು ಅದೇ ಮೊದಲು. “ಇದು ಪರೀಕ್ಷೆಯಲ್ಲಿ ಬಂದಿತ್ತೇ?” ಎಂದು ಕೇಳಿದರು.

“ಇಲ್ಲ” ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ ಅವರು, “ಆ ತೀರ್ಪು ಓದಲು ಸಿಗುತ್ತದೆಯೇ?” ಎಂದರು. ಸಿಗುತ್ತದೆ, ದೊಡ್ಡದೇನಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದೆಂದು ಅವಳು ಹೇಳಿದಳು.

ಹಡಗು ಜೆರ್ಸಿಯ ದಡಕ್ಕೆ ಮರಳುವಾಗ ಮೂವರೂ ಮೇಲಿನ ಅಟ್ಟದಲ್ಲಿ ಕುಳಿತಿದ್ದರು. ತಾಯಿ ಬುತ್ತಿ ಬಿಚ್ಚಿ ಚಿತ್ರಾನ್ನ ಹಂಚಿದರು.